ಜೋಳದೊಳಗಿನ ಕೈ

ನಮ್ಮ ಊರಿನಲ್ಲಿ ಒಂದು ದುಃಖಕ್ಕೆ ಒಂದೇ ಪಟ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ನಾನು ಹುಟ್ಟುವ ಮೊದಲೂ ಇತ್ತು, ನಾನು ಸತ್ತ ಮೇಲೂ ಇರುತ್ತದೆ. ಊರಿಗೆ ಕೇಡು ಬಂದಾಗ ಹಿರಿಯರು ಕೂತು ಒಂದು ಪಟ ಆರಿಸುತ್ತಾರೆ. ಮಿಕ್ಕ ಪಟಗಳನ್ನು ಕೆರೆಗೆ ಒಯ್ದು ತೊಳೆಯುತ್ತಾರೆ, ಬಿಳಿಯಾಗುವವರೆಗೆ ತೊಳೆಯುತ್ತಾರೆ. ಉಳಿದ ಒಂದನ್ನು ಚೌಕದ ಗೋಡೆಗೆ ಏರಿಸುತ್ತಾರೆ. ಆಮೇಲೆ ಊರಿಗೆ ಊರೇ ಆ ಪಟದಂತೆ ಅಳಬೇಕು. ಪಟದವರು ಮುಖ ಮುಚ್ಚಿಕೊಂಡಿದ್ದರೆ ಎಲ್ಲರೂ ಮುಖ ಮುಚ್ಚಿಕೊಳ್ಳಬೇಕು, ನೆಲ ನೋಡುತ್ತಿದ್ದರೆ ಎಲ್ಲರೂ ನೆಲ ನೋಡಬೇಕು. ಪಟದಲ್ಲಿ ಇದ್ದದ್ದು ಆದದ್ದು. ಪಟದಲ್ಲಿ ಇಲ್ಲದ್ದು ಆಗಿಲ್ಲ.

ಇನ್ನೊಂದು ಕಟ್ಟಳೆಯೂ ಇದೆ. ಪಟದಲ್ಲಿ ಸಿಕ್ಕವರು ಪ್ರತಿ ವರ್ಷ ಅದೇ ದಿನ, ಅದೇ ಜಾಗದಲ್ಲಿ, ಮತ್ತೆ ಪಟವಾಗಿ ನಿಲ್ಲಬೇಕು. ಪಟಕ್ಕೆ ದನಿ ಇಲ್ಲ. ಹಾಗಾಗಿ ಅವರು ಆ ದಿನದ ಬಗ್ಗೆ ಬಾಯಿ ಬಿಡಕೂಡದು. ಬಿಟ್ಟರೆ ಅವರನ್ನು ತೊಳೆದರು ಅಂತಲೇ ಲೆಕ್ಕ. ಬೀದಿಯಲ್ಲಿ ಎದುರಾದರೂ ಯಾರೂ ಮಾತಾಡಿಸುವುದಿಲ್ಲ, ಬಾವಿಗೆ ಹೋದರೆ ಯಾರೂ ಹಗ್ಗ ಕೊಡುವುದಿಲ್ಲ. ಅವರು ಆಗಿಯೇ ಇಲ್ಲವಲ್ಲ, ಕೊಡುವುದು ಯಾರಿಗೆ?

ನಾನು ಪಟ ತೆಗೆಯುವವನು. ಈಗ ಚೌಕದ ಗೋಡೆಯ ಮೇಲಿರುವ ಪಟ ನನ್ನದು. ನೀವು ಅದನ್ನು ನೋಡಿಯೇ ಇರುತ್ತೀರಿ. ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು, ಅಂಚೆ ಚೀಟಿಯ ಮೇಲೆ ಬಂತು, ಮಕ್ಕಳ ಪುಸ್ತಕದಲ್ಲಿ ಬಂತು. ಒಬ್ಬ ಹೆಂಗಸು ಎದೆಯವರೆಗೆ ಜೋಳದಲ್ಲಿ ಮುಳುಗಿದ್ದಾಳೆ. ಹಿಂದೆ ಧೂಳು. ಧೂಳಿನೊಳಗಿಂದ ಒಂದು ಬಿಸಿಲುಕೋಲು ಅವಳ ಮೇಲೆ ಬಿದ್ದಿದೆ. ಅವಳ ಬಲಗೈ ಮೇಲೆದ್ದಿದೆ, ಬಾಯಿ ತೆರೆದಿದೆ. ಎಡಗೈ ಕಾಣುವುದಿಲ್ಲ, ಅದು ಭುಜದವರೆಗೆ ಜೋಳದೊಳಗಿದೆ. 'ಆಕಾಶವನ್ನು ಕೇಳಿದ ಕೈ' ಅಂತ ರಾಜಧಾನಿಯವರು ಅದಕ್ಕೆ ಹೆಸರಿಟ್ಟರು. ಇಡೀ ನಾಡು ಅದರ ಮುಂದೆ ಅತ್ತಿತು.

ಆ ವರ್ಷ ಹಸಿವಿನ ವರ್ಷ. ಊರ ಕಣಜ ಮಾತ್ರ ತುಂಬಿತ್ತು. ತುಂಬಿದ್ದಕ್ಕೆ ಬೀಗ ಹಾಕಿದ್ದರು, ಬೀಗದ ಮೇಲೆ ಇನ್ನೊಂದು ಬೀಗ ಹಾಕಿದ್ದರು. ಒಳ್ಳೆಯ ದಿನ ನೋಡಿ ತೆಗೆಯೋಣ ಅಂತ ಹಿರಿಯರು ಕಾಯುತ್ತಿದ್ದರು. ಆ ಒಳ್ಳೆಯ ದಿನ ಬಂತು. ಜನ ಚೀಲ ಹಿಡಿದು ಪಡುವಣ ಗೋಡೆಯ ನೆರಳಿನಲ್ಲಿ ಸಾಲು ನಿಂತರು. ಬೀಗ ತೆಗೆಯುವ ಮೊದಲೇ ಗೋಡೆ ಉಬ್ಬಿತು, ಬಾಯಿ ಬಿಟ್ಟಿತು. ಜೋಳ ಬಂತು. ಜೋಳಕ್ಕಾಗಿ ನಿಂತವರ ಮೇಲೆ ಜೋಳ ಬಂತು, ಕಾಲಿಗೆ ಬಂತು, ಸೊಂಟಕ್ಕೆ ಬಂತು, ತಲೆಯ ಮೇಲೆ ಹೋಯಿತು. ಹಸಿದವರು ಬಾಯಿ ತುಂಬ ಜೋಳ ತುಂಬಿಕೊಂಡು ಸತ್ತರು. ಇನ್ನೂರಕ್ಕೂ ಹೆಚ್ಚು ಜನ.

ನನ್ನ ಪಟದಲ್ಲಿ ಬೀಗ ಇರಲಿಲ್ಲ. ಹಾಗಾಗಿ ಬೀಗ ಹಾಕಿದವರೂ ಇರಲಿಲ್ಲ. ಹಿರಿಯರು ನೂರಾರು ಪಟಗಳಲ್ಲಿ ನನ್ನದನ್ನೇ ಆರಿಸಿದ್ದು ಯಾಕೆ ಎಂದು ನನಗೆ ತಿಳಿಯದ್ದೇನಲ್ಲ. ಆದರೂ ಶಾಲು ಹೊದಿಸಿದಾಗ ಬಾಗಿ ಹೊದಿಸಿಕೊಂಡೆ. ಶಾಲುಗಳು ಎಷ್ಟಾದವೆಂದರೆ ನನ್ನ ಮನೆಯ ಕಿಟಕಿಗಳಿಗೆಲ್ಲ ಅವನ್ನೇ ಪರದೆ ಮಾಡಿದ್ದೇನೆ. ಒಳಗೆ ಬೆಳಕು ಬರುವುದಿಲ್ಲ. ಬರದಿದ್ದರೆ ಒಳ್ಳೆಯದೇ.

ಅವಳು ಆಕಾಶವನ್ನು ಏನೂ ಕೇಳಲಿಲ್ಲ. ಆ ದಿನ ಅವಳ ಎದುರು ಇದ್ದವನು ನಾನೊಬ್ಬನೇ. ನಡುವೆ ಎಂಟು ಹೆಜ್ಜೆ ಇದ್ದೀತು. ಅವಳು ನನ್ನನ್ನೇ ನೋಡುತ್ತ ಕೂಗಿದಳು: "ಯಣ್ಣಾ, ಕೈ ಕೊಡು! ನನ್ನ ಮಗಳು ಕೆಳಗದಾಳ!"

ಅವಳ ಎಡಗೈಯಲ್ಲಿ ಆರು ವರ್ಷದ ಮಗಳ ಕೈ ಇತ್ತು.

ನಾನು ಆವರೆಗೆ ಮದುವೆಯ ಪಟ ತೆಗೆಯುತ್ತಿದ್ದವನು. ಮದುಮಗಳು ಸೆರಗು ಸರಿಮಾಡಿಕೊಂಡರೆ, ಮದುಮಗ ಕೆಮ್ಮಿದರೆ, ಬೀಗರು ಮುಂದೆ ಬಾಗಿದರೆ, ಎಲ್ಲರಿಗೂ ಒಂದೇ ಮಾತು ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಆ ಮಾತು ತಾನಾಗಿ ಹೊರಗೆ ಬರುತ್ತಿತ್ತು. ಅವತ್ತೂ ಬಂತು.

"ಹಂಗ ಇರವ್ವಾ. ಅಲ್ಲಾಡಬ್ಯಾಡ," ಅಂದೆ.

ಅವಳು ಅಲ್ಲಾಡಲಿಲ್ಲ. ಏನೋ ದಾರಿ ತಿಳಿದವನು ಹೇಳುತ್ತಿದ್ದಾನೆ, ಹೀಗೇ ನಿಂತರೆ ಮಗು ಉಳಿಯುತ್ತದೆ ಅಂದುಕೊಂಡಳೇನೋ. ಕೈ ಎತ್ತಿ, ಬಾಯಿ ತೆರೆದು, ಉಸಿರು ಹಿಡಿದು ನಿಂತಳು. ನಾನು ಪಟ ತೆಗೆದೆ. ಬಿಸಿಲು ಚೆನ್ನಾಗಿತ್ತು, ಇನ್ನೊಂದು ತೆಗೆದೆ. ಆಮೇಲೆ ನನ್ನ ಹಿಂದಿನಿಂದ ನಾಲ್ಕು ಜನ ಓಡಿ ಬಂದು ಅವಳ ಬಲಗೈ ಹಿಡಿದು ಎಳೆದರು. ಅವಳು ಹೊರಗೆ ಬಂದಳು. ಮಗಳನ್ನು ಮೂರನೆಯ ದಿನ ಜೋಳದಿಂದ ಹೊರಗೆ ತೆಗೆದರಂತೆ. ಮಗಳು ಪಟದಲ್ಲಿ ಇರಲಿಲ್ಲ. ಹಾಗಾಗಿ ಮಗಳು ಆಗಿರಲಿಲ್ಲ.

ಅಂದಿನಿಂದ ಅವಳು ಊರಿಗೆ ಪಟದವಳು. ಊರು ಅವಳಿಗೆ ಮನೆ ಕೊಟ್ಟಿತು, ವರ್ಷಕ್ಕೊಂದು ಹಸಿರು ಸೀರೆ ಕೊಟ್ಟಿತು, ಆ ದಿನ ಉಟ್ಟಿದ್ದ ಅದೇ ಹಸಿರು. ಗೋಡೆ ಕುಸಿದ ಜಾಗದಲ್ಲಿ ಎದೆಯೆತ್ತರದ, ಒಳಗೆ ಬಾವಿಯಂತೆ ಟೊಳ್ಳಾದ ದುಂಡನೆಯ ಕಲ್ಲಿನ ಕಟ್ಟೆ ಕಟ್ಟಿತು. ಪಟದ ದಿನ ಅವಳು ಹಸಿರು ಸೀರೆ ಉಟ್ಟು ಬಂದು ಕಟ್ಟೆಯೊಳಗೆ ಇಳಿಯುತ್ತಾಳೆ. ಏಳು ಜನ ಏಳು ಕಡೆಯಿಂದ ಜೋಳ ಸುರಿಯುತ್ತಾರೆ. ಜೋಳ ಮಂಡಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ, ಎದೆಗೆ ಬರುತ್ತದೆ. ಅವಳು ಎಡಗೈ ಒಳಗೆ ಬಿಡುತ್ತಾಳೆ, ಬಲಗೈ ಎತ್ತುತ್ತಾಳೆ, ಬಾಯಿ ತೆರೆಯುತ್ತಾಳೆ. ಊರಿಗೆ ಊರೇ ಎಡಗೈ ಬೆನ್ನ ಹಿಂದೆ ಬಚ್ಚಿಟ್ಟು, ಬಲಗೈ ಎತ್ತಿ, ಬಾಯಿ ತೆರೆದು, ದನಿಯಿಲ್ಲದೆ ನಿಲ್ಲುತ್ತದೆ. ಒಂದು ಗಳಿಗೆ ಹೊತ್ತು. ಆಮೇಲೆ ಕಟ್ಟೆಯ ಬುಡದ ಬಾಯಿ ತೆರೆಯುತ್ತಾರೆ. ಜೋಳ ಮೆಲ್ಲಗೆ, ಬಹಳ ಮೆಲ್ಲಗೆ ಹರಿದು ಇಳಿಯುತ್ತದೆ. ಪಟದವಳು ಮನೆಗೆ ಹೋಗುತ್ತಾಳೆ. ಜನ ಜೋಳದ ಕಡೆ ಹಸಿದ ಕಣ್ಣಿನಿಂದ ನೋಡುತ್ತಾರೆ. ಆದರೆ ಅದು ಪಟದ ಜೋಳ, ಮುಟ್ಟುವಂತಿಲ್ಲ.

ಹೀಗೆ ಹನ್ನೊಂದು ವರ್ಷ ಆಯಿತು. ಹನ್ನೊಂದು ವರ್ಷವೂ ನಾನು ಮುಂದಿನ ಸಾಲಿನಲ್ಲಿ, ಗೌರವದ ಕುರ್ಚಿಯಲ್ಲಿ. ಅವಳು ಕೈ ಎತ್ತಿ ನಿಂತಾಗ ಎಲ್ಲರಿಗೂ ಬರೀ ಬಾಯಿ ಕಾಣುತ್ತಿತ್ತು, ನನಗೊಬ್ಬನಿಗೆ ಆ ಕೂಗು ಕೇಳುತ್ತಿತ್ತು. ಊಟಕ್ಕೆ ಕೂತರೆ ಕೇಳುತ್ತಿತ್ತು, ನಲ್ಲಿಯ ನೀರು ಬಿಟ್ಟರೆ ಕೇಳುತ್ತಿತ್ತು. ನನಗೆ ಸಾಕಾಯಿತು. ಈ ಮಾತು ಗಮನಿಸಿ: ಸಾಕಾದದ್ದು ನನಗೆ. ಅವಳಿಗೆ ಏನಾಗಿದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಹನ್ನೆರಡನೆಯ ವರ್ಷದ ಪಟದ ದಿನಕ್ಕೆ ಇನ್ನು ಒಂದು ತಿಂಗಳಿದೆ ಅನ್ನುವಾಗ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ನವಣೆ ಕೇರುತ್ತಿದ್ದಳು. ಆ ಮನೆಯೊಳಗೆ ಒಂದು ಕಾಳು ಜೋಳ ಬರುವುದಿಲ್ಲ ಎಂದು ಕೇಳಿದ್ದೆ. ನಿಜವೇ ಆಗಿತ್ತು.

"ಬಾರಣ್ಣ. ನೀರ ಬೇಕೇನು?" ಅಂದಳು. ಹನ್ನೊಂದು ವರ್ಷದ ನಂತರ ಅವಳ ದನಿ ಕೇಳಿದ್ದು ಅದೇ ಮೊದಲು. ಎಷ್ಟು ಸಾದಾ ದನಿ.

"ಬ್ಯಾಡ. ಒಂದ ಮಾತ ಹೇಳಾಕ ಬಂದೀನಿ," ಅಂದೆ. "ಅವತ್ತ ನೀ ಏನ ಕೂಗಿದಿ ಅಂತ ಹಿರೇರ ಮುಂದ ಹೇಳಿಬಿಡತೀನಿ. ನೀ ಪಟದಾಗ ಇದ್ದಿ, ಹೇಳಾಂಗಿಲ್ಲ. ನಾ ಪಟದಾಗ ಇಲ್ಲ, ಹೇಳಬಹುದು."

"ಹೇಳಿದರ ಏನಾಗತೈತಿ?"

"ನಿನ್ನ ಬಿಡತಾರ. ವರ್ಷಾ ವರ್ಷಾ ಜೋಳದಾಗ ಹುಗಿಯೂದು ನಿಲ್ಲತೈತಿ."

ಅವಳ ಕೈಯಲ್ಲಿ ಮೊರ ನಿಂತಿತು. "ಯಾರ ಕೇಳ್ಯಾರ ನಿನಗ, ನನ್ನ ಬಿಡಸು ಅಂತ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. "ಬಾಯಿ ಬಿಟ್ಟರ ತೊಳೀತಾರ, ಗೊತ್ತೈತಿ. ಆದರೂ ನಿನಗ ಹೇಳತೀನಿ, ಇಲ್ಲಂದರ ನೀ ಏನರ ಮಾಡಿಬಿಡತಿ. ಆ ಕಟ್ಟಿಯೊಳಗ ಕೈ ಬಿಡತೀನಲ್ಲ, ಮೊದಲ ಜೋಳ ತಣ್ಣಗಿರತೈತಿ. ಆಮ್ಯಾಲ ಬೆಚ್ಚಗಾಗತೈತಿ. ಆಮ್ಯಾಲ ಅಕಿ ಬೆರಳ ಸಿಗತಾವ. ಒಂದೊಂದ ಎಣಸತೀನಿ. ಒಂದ. ಎರಡ. ಐದೂ ಸಿಗೂತನಾ ಎಣಸತೀನಿ. ಕೆಳಗ ಬಾಯಿ ತಗದಾಗ ಜೋಳ ಇಳೀತೈತಿ, ಅಕಿ ತಾನ ಮೆಲ್ಲಕ ಕೈ ಬಿಡತಾಳ. ಹೋಗವ್ವಾ, ಮತ್ತ ಬಾ, ಅಂದಂಗ ಬಿಡತಾಳ."

"ಅದು ನಿನ್ನ ಭ್ರಮಿ ತಂಗಿ."

"ಇರಲಿ. ಅವತ್ತ ಅಕಿ ಬಿಡಲಿಲ್ಲ ಯಣ್ಣಾ. ಎಳದರಲ್ಲ, ಆವಾಗ ನಾನ ಬಿಟ್ಟೆ. ಈಗ ಅಕೀನ ಬಿಡತಾಳ. ಅದಕ್ಕ ನಾ ಹೋಗಿ ನಿಂದರತೀನಿ. ವರ್ಷಕ್ಕ ಒಂದ ಗಳಿಗಿ. ನನಗ ಅಷ್ಟ ಸಾಕು. ನೀ ಏನೂ ಹೇಳಬ್ಯಾಡ. ಕೈ ಮುಗೀತೀನಿ."

ಅವಳು ನಿಜವಾಗಿ ಕೈ ಮುಗಿದಳು. ನವಣೆಯ ಹೊಟ್ಟು ಅವಳ ಬೆರಳಿಗೆ ಅಂಟಿತ್ತು.

ಪಾಪ, ದುಃಖದಿಂದ ತಲೆ ಕೆಟ್ಟಿದೆ ಅಂದುಕೊಂಡೆ. ಅವಳಿಗೆ ಯಾವುದು ಒಳ್ಳೆಯದು ಅಂತ ಅವಳಿಗಿಂತ ನನಗೆ ಚೆನ್ನಾಗಿ ಗೊತ್ತಿದೆ ಅಂದುಕೊಂಡೆ. ಬೀದಿಗೆ ಇಳಿದವನು ಮನೆಗೆ ಹೋಗಲಿಲ್ಲ. ನೇರ ಹಿರಿಯರ ಹತ್ತಿರ ಹೋದೆ.

ಹಿರಿಯರು ಚೌಕದ ಮಂಟಪದಲ್ಲಿ ಕೂತಿದ್ದರು. ನಾನು ಹೇಳಿದೆ. ಅವಳು ಆಕಾಶ ನೋಡಲಿಲ್ಲ, ನನ್ನನ್ನು ನೋಡಿದಳು ಅಂತ ಹೇಳಿದೆ. ಕೂಗಿದ ಮಾತು ಅಕ್ಷರ ಬಿಡದೆ ಹೇಳಿದೆ. ನಾನು ಕೈ ಕೊಡಲಿಲ್ಲ ಅಂತಲೂ ಹೇಳಿದೆ. ಆದರೆ 'ಅಲ್ಲಾಡಬ್ಯಾಡ' ಅಂತ ನಾನು ಅಂದ ಮಾತನ್ನು ಹೇಳಲಿಲ್ಲ. ಪಟದ ಅಂಚು ಕತ್ತರಿಸುವುದು ನನಗೆ ಹೊಸದೇನಲ್ಲ.

ನಾನು ಮುಗಿಸುವಷ್ಟರಲ್ಲಿ ದೊಡ್ಡ ಹಿರಿಯ ಅಳುತ್ತಿದ್ದ. ಸುಳ್ಳು ಅಳು ಅಲ್ಲ, ಮೂಗು ಸೋರುತ್ತಿತ್ತು.

"ಯಣ್ಣಾ, ಕೈ ಕೊಡು," ಅಂತ ಮೆಲ್ಲಗೆ ಅಂದು ನೋಡಿದ. ಇನ್ನೊಮ್ಮೆ ಅಂದ. "ಎಂಥಾ ಮಾತು! ದೇವರನ್ನ ಅಣ್ಣಾ ಅಂತ ಕರದಾಳ."

"ದೇವರನ್ನಲ್ಲರೀ, ನನ್ನ ಕರದಾಳ," ಅಂದೆ.

"ಎಲ್ಲಾರೊಳಗೂ ಅವನ ಅದಾನಲ್ಲೋ ತಮ್ಮಾ. ನಿನ್ನೊಳಗೂ ಅದಾನ." ಅವನು ಮಿಕ್ಕವರ ಕಡೆ ತಿರುಗಿದ. "ಹನ್ನೊಂದ ವರ್ಷ ಅಕಿ ಕೈ ಎತ್ತಿ ನಿಂತಾಳ. ನಾವು ಒಬ್ಬರೂ ಕೈ ಕೊಟ್ಟಿಲ್ಲ. ಎಂಥಾ ಮಂದಿ ನಾವು! ಈ ವರ್ಷ ಪಟಕ್ಕ ದನಿ ಬರಲಿ. ಊರೆಲ್ಲಾ ಆ ಮಾತ ಕೂಗಲಿ. ಮತ್ತ ಅಕಿನ್ನ ಕೈ ಹಿಡದು ಎಳದು ಹೊರಗ ತಗೀಬೇಕು. ಈ ಊರ ಕೈ ಕೊಡತೈತಿ ಅಂತ ನಾಡಿಗೆಲ್ಲಾ ಗೊತ್ತಾಗಲಿ."

"ಮಗಳು?" ಅಂದೆ. "ಮಗಳು ಕೆಳಗದಾಳ ಅಂತನೂ ಅಂದಾಳ."

"ಮಗಳು ಪಟದಾಗ ಇಲ್ಲಲ್ಲೋ," ಅಂದ ಹಿರಿಯ, ಮಗುವಿಗೆ ತಿಳಿಹೇಳುವಂತೆ. "ಅಷ್ಟು ಬಿಟ್ಟುಬಿಡೂಣು. ಕೈ ಕೊಡಾವ ನೀನ ಆಗಬೇಕು. ಕೊಡಬೇಕಾಗಿದ್ದಾವ ನೀನ ಅಲ್ಲೇನು?"

ಆಗ ನಾನು ಬೇಡ ಅನ್ನಬೇಕಿತ್ತು. ಎಳೆಯಬೇಡಿ, ಬುಡದ ಬಾಯಿ ತೆರೆದು ಮೊದಲಿನಂತೆ ಮೆಲ್ಲಗೆ ಬಿಡಿ ಅನ್ನಬೇಕಿತ್ತು. ಯಾಕೆ ಅಂತ ಕೇಳಿದರೆ ಅವಳು ಹೇಳಿದ್ದನ್ನು ಹೇಳಬೇಕಾಗುತ್ತದೆ, ಹೇಳಿದರೆ ಅವಳನ್ನು ತೊಳೆಯುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಹೇಳಲು ನಾಚಿಕೆಯಾಗುತ್ತದೆ. ನನಗೆ ಆಸೆಯಾಯಿತು. ಇಡೀ ಊರಿನ ಎದುರು, ತಡವಾದರೂ ಸರಿ, ಕೈ ಕೊಟ್ಟವನಾಗುವ ಆಸೆ.

ಆ ತಿಂಗಳು ಊರಿನ ತುಂಬ ಅದೇ ಮಾತು. ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು ಕಲಿತರು. ಯಾರೋ ರಾಗ ಹಾಕಿದರು. ಬಟ್ಟೆ ಒಗೆಯುವವರು ಆ ರಾಗಕ್ಕೆ ಬಟ್ಟೆ ಕುಕ್ಕಿದರು, ರೊಟ್ಟಿ ಬಡಿಯುವವರು ಆ ರಾಗಕ್ಕೆ ರೊಟ್ಟಿ ಬಡಿದರು. ಯಣ್ಣಾ, ಕೈ ಕೊಡು. ಯಣ್ಣಾ, ಕೈ ಕೊಡು. ಪಟದವಳ ಮನೆಯ ಬಾಗಿಲು ಮುಚ್ಚಿತ್ತು. ನಾನು ಆ ಬೀದಿಯಲ್ಲಿ ತಿರುಗಾಡುವುದನ್ನು ಬಿಟ್ಟೆ.

ಪಟದ ದಿನ ಬಂತು. ರಾಜಧಾನಿಯಿಂದ ಪಟ ತೆಗೆಯುವವರು ಬಂದರು, ಮೂವತ್ತೋ ನಲವತ್ತೋ ಕ್ಯಾಮೆರಾಗಳು. ಪಟದವಳು ಹಸಿರು ಸೀರೆಯಲ್ಲಿ ಬಂದಳು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ನನ್ನ ಮುಂದೆಯೇ ಹಾದು ಹೋದಳು, ನೋಡಲಿಲ್ಲ. ಕಟ್ಟೆಯೊಳಗೆ ಇಳಿದಳು. ಏಳು ಜನ ಏಳು ಕಡೆಯಿಂದ ಜೋಳ ಸುರಿದರು. ಮಂಡಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಎಡಗೈ ಒಳಗೆ ಹೋಯಿತು. ಬಲಗೈ ಮೇಲೆದ್ದಿತು. ಬಾಯಿ ತೆರೆಯಿತು.

ಊರು ಕೂಗಿತು.

ಸಾವಿರಾರು ಬಾಯಿಂದ ಬಂದಾಗ ಆ ಮಾತು ಬೇರೆಯೇ ಆಗಿತ್ತು. ಅದರಲ್ಲಿ ಯಾರೂ ಮುಳುಗುತ್ತಿರಲಿಲ್ಲ. ಜನರಿಗೆ ಮೈ ಜುಮ್ಮೆಂದಿತು, ಮುದುಕಿಯರು ಅತ್ತರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡರು. ದೊಡ್ಡ ಹಿರಿಯ ನನ್ನ ಬೆನ್ನು ತಟ್ಟಿದ. ನಾನು ನಡೆದೆ. ಕಟ್ಟೆಯ ಅಂಚಿಗೆ ಎಂಟು ಹೆಜ್ಜೆ. ನನ್ನ ಸೊಂಟ ಹಿಡಿದು ಒಬ್ಬ, ಅವನ ಸೊಂಟ ಹಿಡಿದು ಇನ್ನೊಬ್ಬ, ಹೀಗೆ ಆರು ಜನ ಗಟ್ಟಿಮುಟ್ಟಾದ ಹುಡುಗರು ಸಾಲು ನಿಂತರು.

ಅವಳ ಕಣ್ಣು ಮುಚ್ಚಿತ್ತು. ತುಟಿ ಸಣ್ಣಗೆ ಅಲುಗುತ್ತಿತ್ತು. ಹತ್ತಿರ ಹೋದಾಗ ಗೊತ್ತಾಯಿತು, ಎಣಿಸುತ್ತಿದ್ದಳು.

ನಾನು ಅವಳ ಬಲಗೈ ಹಿಡಿದೆ. ಅವಳು ಬೆಚ್ಚಿ ಕಣ್ಣು ತೆರೆದಳು.

"ತಡಿಯೋ ಯಣ್ಣಾ," ಅಂದಳು. "ಇನ್ನೂ ಮೂರ ಆಗ್ಯಾವ."

ಊರು ಕೂಗುತ್ತಿತ್ತು. ಕ್ಯಾಮೆರಾಗಳು ಹತ್ತಿರ ಬಂದವು. ನನ್ನ ಹಿಂದೆ ಆರು ಜನ ಕಾಲು ಊರಿದರು.

"ಬಿಡೋ. ನಿನ್ನ ಕಾಲ ಬೀಳತೀನಿ, ಕೈ ಬಿಡೋ ಯಣ್ಣಾ."

ಇದನ್ನು ಕೇಳಿದವನು ನಾನೊಬ್ಬನೇ. ಈ ಸಲವೂ ನಾನೊಬ್ಬನೇ. ಬಿಡಬಹುದಿತ್ತು. ನನ್ನ ಬೆರಳುಗಳನ್ನು ಯಾರೂ ಕಟ್ಟಿರಲಿಲ್ಲ, ಬಿಚ್ಚಿದ್ದರೆ ಬಿಚ್ಚುತ್ತಿದ್ದವು. ನಾನು ಎಳೆದೆ. ನನ್ನ ಹಿಂದೆ ಆರು ಜನ ಎಳೆದರು. ಅವಳು ಒಂದು ಕಡೆಗೆ ವಾಲಿ, ಎಡ ಭುಜವನ್ನು ಜೋಳದೊಳಗೆ ಒತ್ತಿ ಹಿಡಿದು, ಹಲ್ಲು ಕಚ್ಚಿ ಎದುರು ಎಳೆದಳು. ಒಬ್ಬಳು ಹೆಂಗಸು, ಏಳು ಗಂಡಸರ ವಿರುದ್ಧ ಎಷ್ಟು ಹೊತ್ತು ಎಳೆದಾಳು? ಜೋಳ ಅವಳನ್ನು ಬಿಟ್ಟುಕೊಟ್ಟಿತು. ಸೊಂಟ ಬಂತು, ಮಂಡಿ ಬಂತು, ಕಟ್ಟೆಯ ಅಂಚಿಗೆ ಎದೆ ತಾಗಿ ಅವಳು ಬೋರಲು ಬಿದ್ದಳು. ಎಡಗೈ ಎಲ್ಲಕ್ಕಿಂತ ಕೊನೆಗೆ ಬಂತು.

ಆ ಕೈಯ ಬೆರಳುಗಳು ಮಡಿಚಿಕೊಂಡಿದ್ದವು, ಆದರೆ ಪೂರ್ತಿ ಮುಚ್ಚಿರಲಿಲ್ಲ. ನಡುವೆ ಆರು ವರ್ಷದ ಮಗುವಿನ ಕೈ ಹಿಡಿಯುವಷ್ಟು ಜಾಗ ಇತ್ತು. ಆ ಜಾಗದಿಂದ ಜೋಳ ಸುರಿಯುತ್ತಿತ್ತು. ಅವಳು ಅದನ್ನೇ ನೋಡಿದಳು. ಕೊನೆಯ ಕಾಳು ಬೀಳುವವರೆಗೆ ನೋಡಿದಳು.

"ಮತ್ತ ನಾನ ಬಿಟ್ಟೆ," ಅಂದಳು, ನೀರು ಬೇಕೇನು ಅಂತ ಕೇಳಿದ ಅದೇ ಸಾದಾ ದನಿಯಲ್ಲಿ. "ಇನ್ನ ಅಕಿ ಬರೂದಿಲ್ಲ."

ಜನ ಚಪ್ಪಾಳೆ ತಟ್ಟಿದರು. ಚೌಕದ ಆ ತುದಿಯಿಂದ ಈ ತುದಿಯವರೆಗೆ ತಟ್ಟಿದರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಹಿರಿಯರು ಆಗಲೇ ಮಂಟಪದ ಕಡೆ ಹೋಗುತ್ತಿದ್ದರು, ಹೊಸ ಪಟ ಆರಿಸಬೇಕಿತ್ತಲ್ಲ. ನಾನು ಅವಳ ಬಲಗೈ ಹಿಡಿದುಕೊಂಡೇ ನಿಂತಿದ್ದೆ. ಯಾವಾಗ ಬಿಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.